ದೇವರ ಜಗಲಿಯ ಮೇಲಿನ ದುರ್ಗಾ

ನಮ್ಮ ರೋಣದವರಿಗೆ ದುರ್ಗಾ ಎಂದರೆ ಬಹಳ ಭಕ್ತಿ. ಗಂಡು ಹುಟ್ಟಿತೆಂದು ಓಣಿಯೆಲ್ಲ ಸಕ್ಕರೆ ತಿಂದಿತ್ತು, ಆಕೆ ಹೆಣ್ಣಾಗಿ ಬೆಳೆದಳು. ಈಗ ಲ್ಯಾಪ್‌ಟಾಪಿನಲ್ಲೇ ವಾದ್ಯಗಳನ್ನೆಲ್ಲ ನುಡಿಸಿ, ಯಾವ ಕಂಪನಿಯ ಹಂಗೂ ಇಲ್ಲದೆ ಪಾಪ್ ಹಾಡುಗಳನ್ನು ಹೊರತರುತ್ತಾಳೆ. ಮೇಲಾಗಿ ಆತ್ಮಕಥೆಯನ್ನೂ ಬರೆದಿದ್ದಾಳೆ. ಪೇಟೆಗೆ ಬಂದರೆ ಕಾಳಿನ ವ್ಯಾಪಾರಿ ಸಿದ್ದಲಿಂಗಪ್ಪನವರು ಎದ್ದು ನಿಂತು, "ತಕ್ಕಡೀಗೆ ಒಂದೀಟ ಕೈ ಹಚ್ರಿ ಅವ್ವಾರ, ವ್ಯಾಪಾರ ಚಲೋ ಆಗತೈತಿ" ಎನ್ನುತ್ತಾರೆ. ಆಕೆಯ ಪುಸ್ತಕವನ್ನಂತೂ ಕೊಂಡು, ಅರಿಷಿಣ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟಿದ್ದಾರೆ. "ಓದಿದ್ರೇನ್ರಿ?" ಎಂದು ದುರ್ಗಾ ಕೇಳಿದರೆ, "ಛೇ ಛೇ, ಪೂಜಾಕ ಇಟ್ಟಿದ್ದನ್ನ ತಗದ ಓದ್ತಾರೇನ್ರಿ!" ಎಂದು ಗಲ್ಲ ಬಡಿದುಕೊಳ್ಳುತ್ತಾರೆ. ಹಾಡು ರೆಕಾರ್ಡ್ ಮಾಡಿಕೊಳ್ಳಲು ಅವರ ಖಾಲಿ ಖೋಲಿಯನ್ನು ಬಾಡಿಗೆಗೆ ಕೇಳಿದಾಗಲೂ ಆ ಭಕ್ತಿ ತಗ್ಗಲಿಲ್ಲ: "ನಿಮ್ಮಂಥಾ ದೊಡ್ಡವ್ರಿಗೆ ನಮ್ಮ ಖೋಲಿ ಭಾಳ ಸಣ್ಣದಾಗತೈತ್ರಿ." ಹೀಗಾಗಿ ದುರ್ಗಾಳ ಸ್ಟುಡಿಯೊ ಎಂದರೆ ಕೂಲಿಗೆ ಹೋಗುವ ತಾಯಿ ಸಣ್ಣವ್ವನ ತಗಡಿನ ಮನೆ. ಕಿಟಕಿಗೆ ಎರಡು ಕೌದಿ ಕಟ್ಟಿದರೂ ಓಣಿಯ ನಾಯಿ, ಕೋಳಿ, ಟ್ರ್ಯಾಕ್ಟರು ಎಲ್ಲ ಹಾಡಿನೊಳಗೆ ನುಗ್ಗುತ್ತವೆ. ಆಕೆ ಒಂದೊಂದನ್ನೂ ಹೆಕ್ಕಿ ಅಳಿಸುತ್ತಾಳೆ. ಹೊಸ ಹಾಡಿನ ಕೊನೆಯಲ್ಲಿ ಮಾತ್ರ ಒಂದು ದನಿ ಹಾಗೇ ಉಳಿದಿದೆ. ತಾಳ ಕೆಡಿಸುತ್ತದೆ, ತೆಗೆಯಿರಿ ಎಂದು ಕೇಳುಗರು ಎಷ್ಟು ಬರೆದರೂ ತೆಗೆದಿಲ್ಲ. ಇಷ್ಟು ವರ್ಷ "ಏ, ಇಲ್ಲಿ ಕೇಳ" ಎಂದಷ್ಟೇ ಕರೆಯುತ್ತಿದ್ದ ಸಣ್ಣವ್ವ, ಒಳಗೆ ಮೈಕು ಚಾಲೂ ಇರುವುದು ಗೊತ್ತಿಲ್ಲದೆ, ಒಲೆಯ ಮುಂದಿನಿಂದ ಕೂಗಿದ್ದಾಳೆ: "ಮಗಳ, ರೊಟ್ಟಿ ಆರಾಕತ್ತಾವ, ಲಗೂ ಬಾ."