ಮೂಕ ಕಾಯಿಗಳ ವರ್ಷ

ಹಂದನಕೆರೆಯ ನಂಜುಂಡಪ್ಪನವರ ಮನೆಯ ಅಟ್ಟದಲ್ಲಿ ಯಾವ ತೆಂಗಿನಕಾಯಿ ಕೆಳಗಿಳಿಯಬೇಕು, ಯಾವುದು ಇನ್ನೂ ಅಲ್ಲೇ ಇರಬೇಕು ಎಂಬುದನ್ನು ಮೂವತ್ತೊಂದು ವರ್ಷಗಳಿಂದ ತೀರ್ಮಾನಿಸುತ್ತ ಬಂದವರು ಓಬಮ್ಮ. ತೋಟ ನಂಜುಂಡಪ್ಪನವರದು, ಕೊಬ್ಬರಿಯೂ ಅವರದೇ. ಆದರೆ ಅಟ್ಟದ ವಿಷಯದಲ್ಲಿ ಅವರು ಏಣಿಯ ಬುಡದಲ್ಲಿ ನಿಂತು, ತಲೆ ಎತ್ತಿ, "ಏನಂತವಮ್ಮ ಕಾಯಿ?" ಎಂದು ಕೇಳಿ, ಮೇಲಿನಿಂದ ಉತ್ತರ ಬರುವವರೆಗೆ ಕಾಯುತ್ತಿದ್ದರು.

ಆ ಉತ್ತರ ಕಿವಿಯಿಂದ ಬರುವಂಥದ್ದು. ಅಟ್ಟಕ್ಕೇರಿಸಿದ ಕಾಯಿಯನ್ನು ಅಲುಗಾಡಿಸಿದರೆ ಮೊದಮೊದಲು ಒಳಗಿನ ನೀರು ಗುಳಕ್ಕೆನ್ನುತ್ತದೆ. ತಿಂಗಳುಗಳು ಕಳೆದಂತೆ ನೀರು ಇಂಗಿ ಕಾಯಿ ಮೂಕವಾಗುತ್ತದೆ. ಆಗ ತಿರುಳು ಕರಟವನ್ನು ಇನ್ನೂ ಬಿಟ್ಟಿರುವುದಿಲ್ಲ. ಅವಸರಪಟ್ಟು ಒಡೆದರೆ ಉಂಡೆ ಕೊಬ್ಬರಿಯ ಬದಲು ಚೂರುಗಳು ಸಿಗುತ್ತವೆ. ಕೊನೆಗೊಂದು ದಿನ ತಿರುಳು ತಾನಾಗಿ ಬಿಡಿಸಿಕೊಂಡು, ಅಲುಗಾಡಿಸಿದೊಡನೆ ಲೊಟಲೊಟನೆ ಕರಟಕ್ಕೆ ಬಡಿಯುತ್ತದೆ. ನಮ್ಮ ಸೀಮೆಯಲ್ಲಿ ಇದನ್ನು ಬಲ್ಲವರು ಬಹಳ ಮಂದಿ. ಓಬಮ್ಮ ಬಲ್ಲಷ್ಟು ಬಲ್ಲವರು ಕಡಿಮೆ. ಬೆನ್ನು ಬಗ್ಗಿಸಿಯೇ ಓಡಾಡಬೇಕಾದ ಆ ಅಟ್ಟದಲ್ಲಿ ಅವರ ಬಲಗೈ ತೊಲೆಯನ್ನು ಹಿಡಿದಿರುತ್ತಿತ್ತು. ಎಡಗೈ ಕಾಯಿಯನ್ನೆತ್ತಿ ಎಡಗಿವಿಯ ಬಳಿ ಒಮ್ಮೆ, ಒಮ್ಮೆ ಮಾತ್ರ, ಕುಲುಕುತ್ತಿತ್ತು.

ಅವರನ್ನು ನಾನು ಹತ್ತಿರದಿಂದ ಕಂಡದ್ದು ಒಂದು ವಿಡಿಯೊ ಗೇಮಿನ ಕಾರಣಕ್ಕೆ. ನಂಜುಂಡಪ್ಪನವರ ಮಗಳು ಯೋಗಿತಾ ತುಮಕೂರಿನಲ್ಲಿ ನನ್ನ ಸಹಪಾಠಿ. ಇಬ್ಬರೂ ಸೇರಿ ಪುಟ್ಟದೊಂದು ಆಟವನ್ನು ಕಟ್ಟುತ್ತಿದ್ದೆವು. ಕಥೆ ನನ್ನದು, ಚಿತ್ರ ಮತ್ತು ಸಂಗೀತ ಅವಳದು. ಬೆಳಗಿನ ದಟ್ಟ ಮಂಜಿನಲ್ಲಿ ಒಂದು ಹೆಣ್ಣುಮಗು ತೆಂಗಿನ ತೋಟದೊಳಗೆ ತಾಯಿಯನ್ನು ಹುಡುಕುತ್ತ ನಡೆಯುತ್ತದೆ. ಆಡುವವರಿಗೆ ಪರದೆಯ ಮೇಲೆ ಎರಡು ಹೆಜ್ಜೆಯಷ್ಟು ನೆಲ, ನಾಲ್ಕಾರು ಮರಗಳ ಬುಡ, ಉಳಿದಂತೆ ಬಿಳುಪು. ದಾರಿ ತೋರಿಸಬೇಕಾದದ್ದು, ಭಯ ಹುಟ್ಟಿಸಬೇಕಾದದ್ದು, ಕೊನೆಗೆ ನೆಮ್ಮದಿ ಕೊಡಬೇಕಾದದ್ದು ಎಲ್ಲವೂ ಸಂಗೀತವೇ.

ಆ ಸಂಗೀತಕ್ಕಾಗಿ ಯೋಗಿತಾ ಅಟ್ಟದ ಸದ್ದುಗಳನ್ನು ರೆಕಾರ್ಡ್ ಮಾಡಿಕೊಂಡಳು. ಓಬಮ್ಮ ನೀರುಗಾಯಿಯನ್ನು ಕುಲುಕಿದರು, ಒಣಗಾಯಿಯನ್ನು ಕುಲುಕಿದರು. ಮೂಕ ಕಾಯಿಯನ್ನೂ ಕುಲುಕಬೇಕೆಂದಾಗ ನಕ್ಕರು.

"ಇದ್ರಲ್ಲಿ ಏನು ಹಿಡ್ಕಂತೀಯವ್ವ? ಸದ್ದೇ ಇಲ್ವಲ್ಲ."

"ಆ ಏನೂ ಇಲ್ದಿರೋದೇ ಬೇಕು ಓಬಮ್ಮ."

"ಏನೂ ಇಲ್ಲ ಅಂತಲ್ಲ ಕಣವ್ವ. ಒಳಗೆ ಬಿಡಿಸ್ಕಂತಾ ಇರ್ತದೆ. ನಮಗೆ ಹೇಳಲ್ಲ, ಅಷ್ಟೇಯ."

ಯೋಗಿತಾ ತನ್ನ ಸಂಗೀತದ ನಡೆಯನ್ನು ಕಟ್ಟಿದ್ದು ಈ ಮಾತಿನ ಮೇಲೆ. ಆಟದ ಆರಂಭದಲ್ಲಿ ನೀರುಗಾಯಿಯ ತುಳುಕಿನ ಮೇಲೆ ಮಗುವಿನ ಕೊಳಲು ಕುಣಿಯುತ್ತದೆ. ಮಗು ದಾರಿ ತಪ್ಪಿದಾಗ ಒಂದೂವರೆ ನಿಮಿಷ ಯಾವ ಸದ್ದೂ ಇಲ್ಲ. ಅಷ್ಟು ಹೊತ್ತಿನ ಮೌನವನ್ನು ಯಾರು ಸಹಿಸುತ್ತಾರೆಂದು ನಾನು ಅನುಮಾನಿಸಿದ್ದೆ. ಆಡಿ ನೋಡಿದಾಗ ನನ್ನ ಬೆರಳುಗಳೇ ಕೀಲಿಗಳ ಮೇಲೆ ಅಂಜುತ್ತಿದ್ದವು. ಕಥೆಯಲ್ಲಿ ನಾನು ಬರೆದಿದ್ದ 'ಮಗು ಹೆದರಿತು' ಎಂಬ ವಾಕ್ಯವನ್ನು ಅಂದೇ ತೆಗೆದುಹಾಕಿದೆ. ಅದನ್ನು ಹೇಳುವ ಅಗತ್ಯವೇ ಉಳಿದಿರಲಿಲ್ಲ.

ಜಗಳವಾದದ್ದು ಕೊನೆಯ ದೃಶ್ಯದ ಬಗ್ಗೆ. ತಾಯಿ ಪರದೆಯ ಮೇಲೆ ಕಾಣಿಸಬಾರದೆಂದು ಯೋಗಿತಾಳ ಹಟ. ಮಂಜು ಪೂರ್ತಿ ಮುಚ್ಚಿಕೊಳ್ಳುತ್ತದೆ. ಬಲಗಿವಿಯಲ್ಲಿ ಮಗುವಿನ ಕೊಳಲು, ಎಡಗಿವಿಯಲ್ಲಿ ತೊಟ್ಟಿಲು ತೂಗುವಾಗಿನಂಥ ಒಂದು ಹೆಣ್ಣುದನಿಯ ಗುನುಗು. ಇಷ್ಟರಿಂದಲೇ ಇಬ್ಬರೂ ಸೇರಿದರೆಂದು ತಿಳಿಯಬೇಕು. "ಒಂದು ಸಾಲಾದರೂ ಇರಲಿ" ಎಂದು ನಾನು. "ಸಾಲು ಬಂದರೆ ಕಿವಿ ಮುಚ್ಕೊಳುತ್ತೆ ಕಣೇ" ಎಂದು ಅವಳು.

ಇಬ್ಬರೂ ಸೋಲದೆ, ಹೊಸಬರೊಬ್ಬರಿಗೆ ಕೇಳಿಸಿ ನೋಡೋಣವೆಂದು ಮುಂದಿನ ಯುಗಾದಿಯ ರಜೆಗೆ ಹಂದನಕೆರೆಗೆ ಬಂದೆವು. ಅಷ್ಟರಲ್ಲಿ ಆ ಮನೆಯಲ್ಲಿ ಬೇರೊಂದು ತೊಡಕು ಶುರುವಾಗಿತ್ತು.

ಕಳೆದ ವರ್ಷ ಏರಿಸಿದ ಕಾಯಿ ಇಳಿದೇ ಇರಲಿಲ್ಲ. ಹೊಸ ಕಾಯಿ ಅಂಗಳದಲ್ಲಿ ರಾಶಿ ಬಿದ್ದಿತ್ತು, ಅಟ್ಟದಲ್ಲಿ ಜಾಗವಿರಲಿಲ್ಲ. ಪ್ರತಿದಿನ ನಂಜುಂಡಪ್ಪನವರು ಏಣಿಯ ಬುಡದಲ್ಲಿ ನಿಂತು ಕೇಳುವುದು, ಮೇಲಿನಿಂದ ಒಂದೇ ಉತ್ತರ ಬರುವುದು: "ಇನ್ನೂ ಮೂಕಾಗೇ ಅವೆ, ಯಜಮಾನ್ರೇ."

ಅಂಗಳದಲ್ಲಿ ಚಿಪ್ಪು ಒಡೆಯಲು ಬರುತ್ತಿದ್ದ ಕೆಂಪಕ್ಕ, ಓಬಮ್ಮನ ಓರಗೆಯವಳು, ಕೈಗೆ ಕೆಲಸವಿಲ್ಲದೆ ಬಾಯಿಗೆ ಕೆಲಸ ಕೊಟ್ಟಿದ್ದಳು.

"ಈ ಸಲ ಕಾಯೆಲ್ಲ ಸ್ವಾಮಿಗಳಾಗವೆ ಕಣೇ. ಮೌನ ಹಿಡ್ಕಂಡು ಕೂತವೆ."

"ನಿನ್ ಬಾಯ್ನ ಒಂದಿನ ಎರವಲು ಕೊಡು, ಮಾತಾಡ್ತವೆ" ಎಂದರು ಓಬಮ್ಮ ಏಣಿಯಿಳಿಯುತ್ತ. ನಕ್ಕರಾದರೂ ಆ ನಗು ಎಂದಿನದಾಗಿರಲಿಲ್ಲ.

ನಾವು ಹೋದ ದಿನ ಮಧ್ಯಾಹ್ನ ನಂಜುಂಡಪ್ಪನವರು ತಾವೇ ಅಟ್ಟ ಹತ್ತಿ ನಾಲ್ಕು ಕಾಯಿ ಕುಲುಕಿ ನೋಡಿದರು. ಇಳಿದು ಬಂದು ಮಗಳೊಡನೆ ಮೆಲ್ಲಗೆ ಹೇಳಿದರು: "ಮೂರು ಲೊಟಗುಟ್ತವೆ. ಓಬಮ್ಮಂಗೆ ವಯಸ್ಸಾಯ್ತು ಅನ್ಸುತ್ತೆ. ಸೋಮವಾರದಿಂದ ಕಿಬ್ಬನಹಳ್ಳಿ ಕಡೆಯೋರನ್ನ ಕರೆಸ್ತೀನಿ. ಅವಳು ಕೆಳಗೆ ಕೂತು ಚಿಪ್ಪು ಒಡೀಲಿ, ಬುಡು." ಹಿತ್ತಿಲ ಬಾಗಿಲಲ್ಲಿ ಕೈ ತೊಳೆಯುತ್ತಿದ್ದ ಓಬಮ್ಮನಿಗೆ ಅದು ಕೇಳಿಸಿತ್ತು. ಅವರು ಚೊಂಬನ್ನು ಬಹಳ ಹೊತ್ತು ತೊಳೆದರು. ಅಟ್ಟದಿಂದ ಇಳಿಸುವುದೆಂದರೆ ಕೂಲಿ ಹೋಗುವುದಲ್ಲ. ಮೂವತ್ತೊಂದು ವರ್ಷ ಆ ಮನೆ ತಲೆ ಎತ್ತಿ ಕೇಳಿದ್ದ ಮಾತು ಹೋಗುವುದು.

ಅವರ ಮನಸ್ಸನ್ನು ಬೇರೆಡೆ ತಿರುಗಿಸಲೆಂದೇ ಯೋಗಿತಾ ಜಗಲಿಯ ಮೇಲೆ ಕೂರಿಸಿ ಕಥೆ ಹೇಳಿದಳು: ಮಂಜು, ತೋಟ, ಅವ್ವನನ್ನು ಹುಡುಕುವ ಮಗು. "ಆಡೋದೇನೂ ಬೇಡ ಓಬಮ್ಮ. ಕೊನೇದು ಮಾತ್ರ ಕೇಳು. ಆಮೇಲೆ ಏನಾಯ್ತು ಅಂತ ನೀನೇ ಹೇಳು." ತಲೆಗೆ ಹೆಡ್‌ಫೋನ್ ಹಾಕಿದಳು. ಓಬಮ್ಮ ಬಿಳಿಯ ಪರದೆಯನ್ನು ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿಕೊಂಡರು. ಸಂಗೀತ ಮುಗಿದ ಮೇಲೆ ಮುಖ ಬಾಡಿಸಿಕೊಂಡು ಕೇಳಿದರು:

"ಅವ್ವ ಬರ್ಲೇ ಇಲ್ವಲ್ಲೇ?"

ನನಗೆ ಒಳಗೊಳಗೇ ಗೆದ್ದ ಸಂತೋಷ. ಒಂದು ಸಾಲು ಬೇಕೆಂದು ಹೇಳಿರಲಿಲ್ಲವೆ! ಯೋಗಿತಾಳ ಮುಖ ಮಾತ್ರ ಸಣ್ಣಗಾಯಿತು. ಒಂದು ವರ್ಷದ ಕೆಲಸ ಅವಳದು.

"ಮಗು ಒಂದೇ ಕೂಗ್ತಾ ಕೂಗ್ತಾ ನಿಂತೋಯ್ತು. ಇಂಥಾದ್ ಯಾಕ್ ಮಾಡಿದ್ರವ್ವ, ಹೊಟ್ಟೆ ಉರೀತದೆ" ಎನ್ನುತ್ತ ಓಬಮ್ಮ ಹೆಡ್‌ಫೋನ್ ತೆಗೆದು ಸೆರಗು ಸರಿಮಾಡಿಕೊಂಡರು. "ಇನ್ನೊಂದ್ ಸಲ ಹಾಕು, ನಾನೇ ಸರಿಯಾಗಿ ಕೇಳಿಲ್ವೇನೋ" ಎಂದು ತಾವೇ ಮತ್ತೆ ಏರಿಸಿಕೊಂಡರು. ಹಾಗೆ ಏರಿಸಿಕೊಳ್ಳುವಾಗ ಅದು ಎಡಬಲ ಬದಲಾಗಿತ್ತು. ನಮ್ಮಿಬ್ಬರಿಗೂ ಅದು ಗಮನಕ್ಕೆ ಬರಲಿಲ್ಲ.

ಈ ಸಲ ಅವರ ಮುಖ ಅರಳಿತು. ತಲೆ ತೊಟ್ಟಿಲಿನ ಲಯಕ್ಕೆ ತೂಗಿತು. ಮುಗಿಯುತ್ತಿದ್ದಂತೆ ಹುಬ್ಬು ಗಂಟಿಕ್ಕಿದರು.

"ಈಗ ಅವ್ವ ಬಂದ್ಲು ಕಣೇ. ಮಗು ಎಲ್ಲಿಗೆ ಹೋಯ್ತು?"

ಯೋಗಿತಾ ಹೆಡ್‌ಫೋನಿನ ಮೇಲಿದ್ದ ಎಡಬಲದ ಗುರುತುಗಳನ್ನು ನೋಡಿದಳು. ಮತ್ತೆ ನೋಡಿದಳು. ಆಮೇಲೆ ಅವರ ಎಡಗಿವಿಯ ಬಳಿ ತನ್ನ ಬೆರಳುಗಳನ್ನು ಮೆಲ್ಲಗೆ ಉಜ್ಜಿ, "ಕೇಳಿಸ್ತಾ?" ಎಂದಳು. ಓಬಮ್ಮ ಸುಮ್ಮನಿದ್ದರು. ಬಲಗಿವಿಯ ಬಳಿ ಉಜ್ಜಿದಳು. "ಹ್ಞೂಂ" ಎಂದರು. ಹಾಗೆಂದವರೇ ತಮ್ಮ ಎಡಗೈಯನ್ನು ಎತ್ತಿ, ಅದರಲ್ಲಿ ಕಾಯಿಯೊಂದು ಇರುವಂತೆ ಎಡಗಿವಿಯ ಬಳಿಗೆ ಒಯ್ದು, ಅಲ್ಲೇ ನಿಲ್ಲಿಸಿದರು. ನಮಗಿಂತ ಮೊದಲು ಅವರಿಗೇ ಅರ್ಥವಾಗಿತ್ತು.

ಮಾತು ಬಲಗಿವಿಗೆ ಕೇಳಿಸುತ್ತಿತ್ತು. ಫೋನು ಸದಾ ಸ್ಪೀಕರಿನಲ್ಲಿ ಇರುತ್ತಿತ್ತು. ಎಡಗಿವಿಯ ಕೆಲಸ ಅಟ್ಟದಲ್ಲಿ ಮಾತ್ರ. ಸಿಪ್ಪೆಯೊಳಗಿನ ಆ ಸಣ್ಣ ಸದ್ದು ಆಚೆ ಕಿವಿಯವರೆಗೆ ಬರುವಂಥದ್ದಲ್ಲ. ಅಟ್ಟದಲ್ಲಾದರೋ ಕಾಯಿ ಸುಮ್ಮನಿರುವ ಕಾಲವೊಂದು ಇದ್ದೇ ಇದೆಯಲ್ಲ! ಕಿವಿ ಸೋತಿದೆಯೆಂದು ಅನುಮಾನ ಪಡಲು ಅವರಿಗೆ ಕಾರಣವೇ ಇರಲಿಲ್ಲ.

"ನಾನು ಅಪ್ಪಂಗೆ ಹೇಳಲ್ಲ. ನೀನು ಬಲಗೈಲಿ ನೋಡ್ಕೊಂಡ್ರಾಯ್ತು, ಯಾರಿಗೂ ಗೊತ್ತಾಗಲ್ಲ" ಎಂದಳು ಯೋಗಿತಾ.

ಓಬಮ್ಮ ಎದ್ದು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ನಂಜುಂಡಪ್ಪನವರು ಕಾಫಿ ಲೋಟ ಹಿಡಿದು ಅಂಗಳದಲ್ಲಿದ್ದಾಗ ಓಬಮ್ಮ ಬಂದು ಎದುರಿಗೆ ನಿಂತರು. ಕೆಂಪಕ್ಕನೂ ಅಲ್ಲೇ ಇದ್ದಳು.

"ಯಜಮಾನ್ರೇ, ಕಾಯಿ ಮೂಕಾಗಿರ್ಲಿಲ್ಲ. ನನ್ ಎಡಗಿವಿ ಹೋಗೈತೆ. ಗೊತ್ತಾಗ್ದೆ ಕಾಯಿ ಮೇಲೆ ತಪ್ಪು ಹೊರ್ಸಿದ್ದೆ."

ನಂಜುಂಡಪ್ಪನವರು ಲೋಟ ಕೆಳಗಿಟ್ಟರು.

"ನಿಮ್ಗೆ ಬೇಕಾದ್ ಹತ್ತು ಕಾಯಿ ಆರಿಸ್ಕೊಡಿ. ಬಲಗಿವೀಲಿ ನೋಡ್ತೀನಿ. ತಪ್ಪಿದ್ರೆ ಸೋಮವಾರದಿಂದ ಚಿಪ್ಪು ಒಡೀತೀನಿ, ಬೇಜಾರಿಲ್ಲ."

ಅವರು ಅಟ್ಟದಿಂದ ಆರಿಸಿ ತಂದುಕೊಟ್ಟರು. ಬಲಗೈಗೆ ಆ ಕೆಲಸದ ರೂಢಿಯಿರಲಿಲ್ಲ; ಮೊದಲ ಕಾಯಿ ಜಾರಿ ಕಾಲ ಮೇಲೆ ಬಿತ್ತು. ಒಮ್ಮೆಗೆ ಮುಗಿಯುತ್ತಿದ್ದ ಕುಲುಕು ಮೂರು ಸಲ, ನಾಲ್ಕು ಸಲ ಬೇಕಾಯಿತು. ಕೊನೆಗೆ ಆರನ್ನು ಬಲಕ್ಕೆ, ನಾಲ್ಕನ್ನು ಎಡಕ್ಕೆ ಇಟ್ಟು, "ಈ ಆರು ಆಗವೆ. ಈ ನಾಕು ನಿಜವಾಗ್ಲೂ ಮೂಕ" ಎಂದರು. ಕೆಂಪಕ್ಕ ಆರನ್ನೂ ಸುಲಿದು ಒಡೆದಳು. ಆರೂ ಉಂಡೆಗಳು ಇಡಿಯಾಗಿ ಅವಳ ಅಂಗೈಗೆ ಬಂದವು. ನಾಲ್ಕರಲ್ಲಿ ಒಂದನ್ನು ಹಟಕ್ಕೆಂದೇ ಒಡೆದಳು. ಅದು ಕರಟಕ್ಕೆ ಕಚ್ಚಿಕೊಂಡು ಚೂರಾಯಿತು.

"ಒಂದ್ ಕಿವಿಗೇ ಇಷ್ಟು. ಎರಡೂ ಇದ್ದಿದ್ರೆ ಕಾಯಿಯ ಜಾತ್ಕ ಹೇಳ್ತಿದ್ಲು" ಎಂದಳು ಕೆಂಪಕ್ಕ. ಅವಳ ಬಾಯಿಂದ ಹೊಗಳಿಕೆ ಬರುವ ಬಗೆ ಅದು.

ನಂಜುಂಡಪ್ಪನವರು ಏಣಿಯನ್ನು ತಂದು ಅಟ್ಟದ ಬಾಯಿಗೆ ತಾವೇ ಒರಗಿಸಿದರು. "ಹುಷಾರು ಕಣಮ್ಮ. ಇನ್ಮೇಲೆ ತೊಲೆ ಎಡಗೈಲಿ ಹಿಡ್ಕೋ" ಎಂದರು. ಸೋಮವಾರ ಕಿಬ್ಬನಹಳ್ಳಿಯಿಂದ ಯಾರೂ ಬರಲಿಲ್ಲ. ಯೋಗಿತಾ ಓಬಮ್ಮನನ್ನು ತಿಪಟೂರಿಗೆ ಕರೆದೊಯ್ದಳು. ಎಡಗಿವಿ ಮರಳುವುದು ಕಷ್ಟ, ಬಲಗಿವಿ ಗಟ್ಟಿಯಾಗಿದೆ ಎಂದರು ವೈದ್ಯರು. ಅಷ್ಟು ಸಾಕೆಂದು ಓಬಮ್ಮ ಬಸ್ಸಿನಲ್ಲಿ ಕಡಲೆಕಾಯಿ ತಿನ್ನುತ್ತ ಬಂದರು.

ಇತ್ತ ನಮ್ಮ ಆಟದಲ್ಲೂ ಒಂದು ಬದಲಾವಣೆಯಾಯಿತು. ಒಂದೇ ಕಿವಿಯಿಂದ ಕೇಳುವವರು ಲೋಕದಲ್ಲಿ ಎಷ್ಟು ಮಂದಿಯೋ, ಅವರಿಗೆಲ್ಲ ನಾವು ತಾಯಿಯನ್ನೋ ಮಗುವನ್ನೋ ಕೊಡದೇ ಕಳುಹಿಸುತ್ತಿದ್ದೆವು. ಯೋಗಿತಾ ಆರಂಭದಲ್ಲೇ ಒಂದು ಆಯ್ಕೆಯನ್ನು ಸೇರಿಸಿದಳು: 'ಎರಡೂ ದನಿ ಒಂದೇ ಕಿವಿಗೆ.' ಹಾಗೆ ಮಾಡುವಾಗ ಎರಡೂ ರಾಗಗಳು ಒಂದರ ಮೇಲೊಂದು ಬಿದ್ದು ಕಲಸಿಹೋದವು. ಕೊಳಲು ಗುನುಗಿನ ಉಸಿರಿಗೆ ಜಾಗ ಬಿಡುವಂತೆ, ಗುನುಗು ಕೊಳಲಿಗೆ ಕಾಯುವಂತೆ ಅವಳು ಎಲ್ಲವನ್ನೂ ಹೊಸದಾಗಿ ಹೆಣೆದಳು. ಎರಡು ಕಿವಿಯಿರುವವರಿಗೂ ಈಗ ಆ ಕೊನೆ ಮೊದಲಿಗಿಂತ ಮನಸ್ಸಿಗಿಳಿಯುತ್ತದೆ. ನಾನು ಬರೆದಿಟ್ಟಿದ್ದ ಸಾಲು ನನ್ನ ನೋಟುಪುಸ್ತಕದಲ್ಲೇ ಉಳಿಯಿತು. ಉಳಿದದ್ದಕ್ಕೆ ಓಬಮ್ಮನಿಗೆ ನಾನು ಋಣಿ. ಕೇಳಿದ್ದನ್ನು ಕೇಳಿತೆಂದೂ ಕೇಳದ್ದನ್ನು ಕೇಳಲಿಲ್ಲವೆಂದೂ ಅಳುಕದೆ ಹೇಳುವ ಒಬ್ಬರು ಕೇಳುಗರು ಸಿಕ್ಕಿದ್ದು ನಮ್ಮ ಭಾಗ್ಯ.

ಹೊಸ ಕಾಯಿ ಅಟ್ಟಕ್ಕೇರಿದ ದಿನ ಅವರಿಗೆ ಮತ್ತೆ ಕೇಳಿಸಿದೆವು. ಎಂದಿನಂತೆ ಕಣ್ಣು ಮುಚ್ಚಿದರು. ಕೊಳಲು ಬಂದಾಗ ಹುಬ್ಬು ಎತ್ತಿದರು. ಗುನುಗು ಬಂದಾಗ ಕೈ ತಾನಾಗಿ ಮಡಿಲಿಗೆ ಹೋಯಿತು.

"ಬಂದ್ಲು" ಎಂದರು.

ಯೋಗಿತಾ ನನ್ನ ಕೈ ಹಿಡಿದುಕೊಂಡಳು.

"ಬಂದ್ಲು, ಸರಿ. ಆದ್ರೆ ಇಷ್ಟೊತ್ತು ಮಗೂನ ಒಂಟಿ ಬಿಟ್ಟು ಎಲ್ಲಿಗ್ ಹೋಗಿದ್ಲು, ಅದ್ನ ಕೇಳ್ರವ್ವ ಅವಳ್ನ" ಎಂದು ಗದರಿ, ಹೆಡ್‌ಫೋನನ್ನು ಕಳಚಿ ನನ್ನ ಮಡಿಲಿಗೆ ಹಾಕಿ, ಓಬಮ್ಮ ಏಣಿ ಹತ್ತಿದರು.