ತೇವ ಕಳೆಯದ ತೂಕ

ಕಾರವಾರದ ಕೋರ್ಟಿನಲ್ಲಿ ಆರೋಪಿಯ ಪರ ವಕೀಲರು ನನ್ನನ್ನು ಕೇಳಿದ ಮುಖ್ಯ ಪ್ರಶ್ನೆ ಒಂದೇ. ಗಾಂಜಾ ಗಿಡಗಳನ್ನು ತೂಗುವಾಗ ಬೇರಿನಲ್ಲಿ ಮಣ್ಣಿತ್ತೇ? ನಾನು ‘ನೆನಪಿಲ್ಲ’ ಎಂದೆ. ನೆನಪಿತ್ತು. ಬೇರಿನ ಜಡೆಯಲ್ಲಿ ಮುಷ್ಟಿಗಟ್ಟಲೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ನೆನೆದ ಗೋಣಿಚೀಲದಿಂದ ನೀರು ಸೋರಿ ನನ್ನ ತಕ್ಕಡಿಯ ತಟ್ಟೆಯಲ್ಲಿ ನಿಂತಿತ್ತು. ಮನೆಗೆ ಬಂದು ಆ ತಟ್ಟೆಯನ್ನು ನಾನೇ ತೊಳೆದಿದ್ದೆ.

ಆ ಒಂದು ಮಾತಿನಿಂದ ನನ್ನ ನೆರೆಯವನು ಸೇದುವವನಾಗಿ ಹೋಗದೆ ಮಾರುವವನಾಗಿ ಜೈಲಿಗೆ ಹೋದ. ಇದನ್ನು ಬರೆಯುತ್ತಿರುವುದು ಅದಕ್ಕಾಗಿ.

ಗೋಕರ್ಣದಿಂದ ತದಡಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಜೊತೆ ಗಲ್ಲೆಯ ಮೇಲೆ ಕೂತವನು ಮತ್ತೆ ಎದ್ದಿಲ್ಲ. ಅಕ್ಕಿ, ಬೆಲ್ಲ, ಸೋಪು ಮಾರುತ್ತೇನೆ. ಬೇಸಿಗೆಯಲ್ಲಿ ಊರವರಿಂದ ಗೇರುಬೀಜ ಕೊಳ್ಳುತ್ತೇನೆ. ಗೇರುಬೀಜ ಕೊಳ್ಳುವವನಿಗೆ ಗೊತ್ತಿರಬೇಕಾದ ವಿದ್ಯೆ ಒಂದೇ: ಎಷ್ಟು ತೇವ ಕಳೆಯಬೇಕು ಎನ್ನುವುದು. ಬೀಜವನ್ನು ಅಂಗೈಯಲ್ಲಿ ಕುಲುಕಿದರೆ ಸದ್ದಿನಲ್ಲೇ ತಿಳಿಯುತ್ತದೆ. ಒಣಗಿದ್ದರೆ ಪೂರ್ತಿ ತೂಕ, ಹಸಿಯಿದ್ದರೆ ಇಷ್ಟು ಕಡಿತ. ಚೀಲದ ತೂಕವಂತೂ ಮೊದಲೇ ಕಳೆಯುವುದು. ಹೆಚ್ಚು ಕಳೆದೆನೆಂದು ಯಾರೂ ಜಗಳಕ್ಕೆ ಬಂದದ್ದಿಲ್ಲ. ಬೇರೆ ಅಂಗಡಿಯಲ್ಲಿ ತಂದ ಸಕ್ಕರೆಯನ್ನು ನನ್ನಲ್ಲಿ ತಂದು ತೂಗಿ ನೋಡುವವರೂ ಇದ್ದರು. ನನಗೆ ಅದರ ಹೆಮ್ಮೆ ಇತ್ತು.

ನೆರೆಯವನು ತಾಂಡೇಲ, ಎಂದರೆ ಬೋಟು ನಡೆಸುವವನು. ನನಗಿಂತ ಚಿಕ್ಕವನು, ನನ್ನನ್ನು ಅಣ್ಣ ಎಂದೇ ಕರೆಯುತ್ತಿದ್ದ. ತದಡಿಯ ಬಂದರಿನಲ್ಲಿ ಅವನು ಮೀನಿನ ಜಾಡು ಹೇಳಿದರೆ ಉಳಿದ ಬೋಟಿನವರೂ ಆ ಕಡೆಗೆ ತಿರುಗುತ್ತಿದ್ದರಂತೆ. ಒಮ್ಮೆ ಬಲೆ ಎಳೆಯುವಾಗ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಅಂದಿನಿಂದ ಹಿತ್ತಲಲ್ಲಿ, ಬಚ್ಚಲ ನೀರು ಹೋಗುವಲ್ಲಿ ಎರಡು ಗಾಂಜಾ ಗಿಡ ಬೆಳೆಸಿಕೊಂಡಿದ್ದ. ಸಂಜೆ ಒಂದು ಚಿಲುಮೆ ಎಳೆದು, ಗೋಡೆಗೆ ಒರಗಿ ಕೂತು, ನೋವು ಇಳಿಯಿತು ಎನ್ನುತ್ತಿದ್ದ.

ನಮ್ಮ ಕಡೆ ಅದನ್ನು ಯಾರೂ ದೊಡ್ಡ ಅಪರಾಧವೆಂದು ತಿಳಿದಿರಲಿಲ್ಲ. ದನದ ಹೊಟ್ಟೆ ಉಬ್ಬಿದರೆ ಬೆಲ್ಲದ ಜೊತೆ ಭಂಗಿಸೊಪ್ಪು ಅರೆದು ಕೊಡುವುದನ್ನು ನಾನೇ ನೋಡಿದ್ದೇನೆ. ಮುಂಬೈ ಇಲಾಖೆಯ ಕಾಲದಲ್ಲಿ ಕುಮಟೆಯಲ್ಲಿ ಸರ್ಕಾರದ ಪರವಾನಗಿಯ ಅಂಗಡಿಯಲ್ಲೇ ಅಫೀಮು, ಗಾಂಜಾ ಸಿಗುತ್ತಿತ್ತು ಎಂದು ನನ್ನ ಅಜ್ಜ ಹೇಳುತ್ತಿದ್ದ. ಆಮೇಲೆ ದಿಲ್ಲಿಯಲ್ಲಿ ಬಿಗಿಯಾದ ಕಾನೂನು ಬಂತು. ಅದರ ಸುದ್ದಿ ನಮ್ಮ ಹಿತ್ತಲುಗಳಿಗೆ ಮುಟ್ಟಿದ್ದು ತಡವಾಗಿ, ಜೀಪಿನಲ್ಲಿ.

ಸಮುದ್ರದ ಕಡೆ ಕಾಟೇಜುಗಳಾಗಿ ಪ್ರವಾಸಿಗರು ಹೆಚ್ಚಿದ ಮೇಲೆ ನನ್ನ ಅಂಗಡಿಯಲ್ಲೂ ಸಾಮಾನು ಬದಲಾಯಿತು. ಬಾಟಲಿ ನೀರು, ಬಿಸ್ಕತ್ತಿನ ಜೊತೆ ಸಿಗರೇಟು ಸುತ್ತುವ ತೆಳು ಕಾಗದದ ಪೊಟ್ಟಣಗಳನ್ನೂ ದಾರಕ್ಕೆ ಕಟ್ಟಿ ತೂಗುಹಾಕಿದೆ. ಅದರಲ್ಲಿ ಅವರು ಏನು ಸುತ್ತುತ್ತಾರೆಂದು ನನಗೆ ಗೊತ್ತಿತ್ತು. ಕಾಗದ ಮಾರುವುದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಆ ಸಮಾಧಾನದಲ್ಲಿ ಎಷ್ಟೋ ಪೊಟ್ಟಣ ಮಾರಿದೆ.

ಅಂದು ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿತ್ತು. ಗೋಕರ್ಣದ ಕಡೆ ತಪಾಸಣೆ ನಡೆದಿದೆ ಎಂದು ಯಾರೋ ಹೇಳಿದ್ದನ್ನು ಕೇಳಿ ತಾಂಡೇಲ ಎರಡೂ ಗಿಡಗಳನ್ನು ಬೇರುಸಮೇತ ಕಿತ್ತು, ಗೋಣಿಚೀಲಕ್ಕೆ ತುಂಬಿ, ಕಟ್ಟಿಗೆ ಒಟ್ಟುವ ಮಾಡಿನಲ್ಲಿ ಇಟ್ಟಿದ್ದ. ಕತ್ತಲಾದ ಮೇಲೆ ಹೊಳೆಗೆ ಎಸೆಯುವ ಯೋಚನೆ. ಮಧ್ಯಾಹ್ನವೇ ಪೊಲೀಸರ ಜೀಪು ಬಂತು. ಚೀಲ ಸಿಕ್ಕಿತು. ಅವರ ಹತ್ತಿರ ತಕ್ಕಡಿ ಇರಲಿಲ್ಲ. ಹಾಗಾಗಿ ಸಾಹೇಬರು ನನ್ನ ಅಂಗಡಿಗೆ ಬಂದರು. ಬಯಲುಸೀಮೆಯ ಕಡೆಯವರು.

“ಯಜಮಾನ್ರ, ನಿಮ್ಮ ತಕ್ಕಡಿ ತಗೊಂಡು ಜೀಪ್ ಹತ್ರಿ. ತೂಕ ಮಾಡಿ ಪಂಚ ಸಾಕ್ಷಿ ಅಂತ ಒಂದು ಸಹಿ ಹಾಕಿ ಬಂದ್ಬಿಡ್ರಿ.”

ಹೋದೆ. ತಾಂಡೇಲ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಅವನ ಹೆಂಡತಿ ಕುಮಟೆಯ ತವರಿಗೆ ಹೋಗಿದ್ದಳು. ನನ್ನನ್ನು ಕಂಡು ಅವನ ಮುಖ ಸ್ವಲ್ಪ ಗೆಲುವಾಯಿತು.

“ಅಣ್ಣ ಬಂದ್ನಲ್ಲ, ಆತು. ಸರಿ ತೂಗ್ತಾನೆ” ಎಂದ.

ನಾನು ತಕ್ಕಡಿಯನ್ನು ಜಗಲಿಯ ಮೇಲೆ ಇಟ್ಟೆ. ಚೀಲ ಎತ್ತುವಾಗಲೇ ನನ್ನ ಕೈಗೆ ಗೊತ್ತಾಯಿತು. ಅದರಲ್ಲಿ ಮುಕ್ಕಾಲು ಪಾಲು ನೀರು, ಮಣ್ಣು, ಕಾಂಡ.

“ಸಾಹೇಬ್ರೆ, ಮಣ್ಣು ಕೊಡವ್ಲಾ?” ಎಂದು ಕೇಳಿದೆ.

“ಸಿಕ್ಕಿದ್ದು ಸಿಕ್ಕಾಂಗ ತೂಗ್ರಿ. ಒಂದು ಕಿಲೋ ಒಳಗ ಬಂದ್ರ ಸಣ್ಣ ಪ್ರಮಾಣ ಆಕ್ಕತಿ, ನಾಳೆ ಮನೀಗೆ ಬರ್ತಾನ. ನಾವು ಇಷ್ಟು ದೂರ ಬಂದಿದ್ದು ಅದಕ್ಕಲ್ಲ.” ಆಮೇಲೆ ದನಿ ತಗ್ಗಿಸಿ, ನಗುತ್ತಲೇ, “ಅಂದಂಗ ನಿಮ್ಮ ಅಂಗಡಿಯಾಗ ಆ ಸುತ್ತೋ ಪೇಪರು ಭಾಳ ಖರ್ಚಾಕ್ಕಾವಂತಲ್ರಿ” ಎಂದರು.

ನಾನು ಚೀಲಸಮೇತ ತೂಗಿದೆ. ಎರಡು ಕಿಲೋ ದಾಟಿತು. ನಾಲ್ಕಾಣೆ ಗೇರುಬೀಜಕ್ಕೆ ತೇವ ಕಳೆಯುತ್ತಿದ್ದವನು ಮನುಷ್ಯನೊಬ್ಬನ ವರ್ಷಗಳನ್ನು ತೂಗುವಾಗ ಏನನ್ನೂ ಕಳೆಯಲಿಲ್ಲ. ಅವರು ಬರೆದರು, ನಾನು ಸಹಿ ಹಾಕಿದೆ. ತಾಂಡೇಲ ನನ್ನನ್ನೇ ನೋಡುತ್ತಿದ್ದ. ಜೀಪು ಹತ್ತುವಾಗ, “ಅಣ್ಣ, ಕೋಳಿ ಒಳ್ಗೆ ಹಾಕು” ಎಂದಷ್ಟೇ ಹೇಳಿದ. ಕೋಳಿಗಳನ್ನು ಒಳಗೆ ಹಾಕಿ ಬಂದೆ.

ತೂಕ ಹೆಚ್ಚಿದ್ದರಿಂದ ಜಾಮೀನು ಬೇಗ ಸಿಗಲಿಲ್ಲ. ಕುಮಟೆಯಿಂದ ಬಂದ ಅವನ ಹೆಂಡತಿ ನೇರವಾಗಿ ನನ್ನ ಅಂಗಡಿಗೆ ಬಂದಳು. ಮೆಟ್ಟಿಲ ಕೆಳಗೇ ನಿಂತಳು.

“ಅಣ್ಣ, ತೂಕ ಮಾಡಿದ್ದು ನೀವೇ ಹೌದೋ?”

“ಹೌದು.”

“ಎರಡು ಕಿಲೋ ಮೇಲೆ ಇತ್ತೋ?”

“ಇತ್ತು.”

“ನನ್ನ ಹತ್ರ ಎರಡು ಗಿಡ ಅಂದಿದ್ರು. ಸೊಂಟ ನೋವಿಗೆ ಅಂದಿದ್ರು” ಎಂದಳು. ಹೊರಡಲು ತಿರುಗಿ, “ಬೇರೆಯವ್ರು ತೂಗಿದ್ರೆ ನಾ ನಂಬ್ತಿರಲಿಲ್ಲ” ಎಂದು ಹೇಳಿ ಹೋದಳು.

ಆಗಲೇ ಕರೆದು ಹೇಳಬಹುದಿತ್ತು. ಗಿರಾಕಿಯೊಬ್ಬ ತೆಂಗಿನೆಣ್ಣೆ ಕೇಳಿದ, ಅದನ್ನು ಕೊಡುತ್ತ ನಿಂತೆ.

ಕೋರ್ಟಿನಲ್ಲಿ ಸಾಕ್ಷಿ ಹೇಳುವ ದಿನ ಬಂದಾಗ ಎರಡನೆಯ ಅವಕಾಶ ಸಿಕ್ಕಿತು. ಅವನ ವಕೀಲರು ಕೇಳಿದ್ದು ಸುಲಭದ ಪ್ರಶ್ನೆ. ಕಾನೂನಿನ ಪ್ರಕಾರ ಗಾಂಜಾ ಎಂದರೆ ಹೂವಿನ ತೆನೆ ಮಾತ್ರ. ಬೇರೂ ಅಲ್ಲ, ಕಾಂಡವೂ ಅಲ್ಲ, ಮಣ್ಣಂತೂ ಅಲ್ಲ ಎಂದು ಅವರು ವಾದ ಹೂಡಿದ್ದರು. ನಾನು ಹೌದೆಂದರೆ ಸಾಕಿತ್ತು. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರು ನನಗೆ ಏನೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕಟಕಟೆಯಲ್ಲಿ ನಿಂತ ನನಗೆ ಕಾಣುತ್ತಿದ್ದುದು ನನ್ನ ಅಂಗಡಿ, ಅದರ ಪರವಾನಗಿ, ದಾರಕ್ಕೆ ಕಟ್ಟಿದ ಪೊಟ್ಟಣಗಳು. ‘ನೆನಪಿಲ್ಲ’ ಎಂದೆ.

ಶಿಕ್ಷೆಯಾಯಿತು. ವಕೀಲರು ಧಾರವಾಡದ ಹೈಕೋರ್ಟಿಗೆ ಅಪೀಲು ಹಾಕಿದರು. ಅದು ಇನ್ನೂ ಅಲ್ಲೇ ಇದೆ. ಶಿಕ್ಷೆ ಮಾತ್ರ ಕಾಯಲಿಲ್ಲ. ಅವನು ಅದನ್ನು ಮುಗಿಸಿ ಹೊರಗೆ ಬಂದ.

ತದಡಿಯಲ್ಲಿ ಯಾವ ಮಾಲಕನೂ ಅವನ ಕೈಗೆ ಬೋಟು ಕೊಡಲಿಲ್ಲ. ಹೊನ್ನಾವರದ ಮಾವಿನಕುರ್ವೆಗೆ ಹೋದ, ಭಟ್ಕಳಕ್ಕೆ ಹೋದ. ಅಲ್ಲಿಯೂ ಸುದ್ದಿ ಅವನಿಗಿಂತ ಮೊದಲು ತಲುಪಿತ್ತು. ಕೆಲ ಕಾಲ ಬೇರೆಯವರ ಬೋಟಿನಲ್ಲಿ ಬಲೆ ಎಳೆಯುವ ಆಳಾಗಿದ್ದ. ಸೊಂಟ ಕೇಳಲಿಲ್ಲ. ಈಗ ಮನೆಯ ಜಗಲಿಯಲ್ಲಿ ಕೂತು ಬಲೆ ಹೊಲಿಯುತ್ತಾನೆ. ನನ್ನ ಅಂಗಡಿಯ ಬೆಂಚಿನಲ್ಲಿ ಕೂರುವವರು ಅವನನ್ನು ಗೇಲಿ ಮಾಡತೊಡಗಿದರು. “ಎಂತ ತಾಂಡೇಲ್ರೆ, ಈ ಸಲ ಬಂಗಡೆಗೆ ಎಷ್ಟು, ಸೊಪ್ಪಿಗೆ ಎಷ್ಟು?” ಎನ್ನುವರು. ಅವನು ನಕ್ಕು ಬೀಡಿ ಕೊಂಡು ಹೋಗುವನು. ನಾನೂ ನಗುತ್ತಿದ್ದೆ. ಅವನ ಮನೆಯಲ್ಲಿ ನಗುವುದಕ್ಕೇನೂ ಉಳಿದಿರಲಿಲ್ಲ. ಹೆಂಡತಿ ಅವನಿಗೆ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಾತಾಡುತ್ತಿರಲಿಲ್ಲ ಎಂದು ನನ್ನ ಹೆಂಡತಿ ಹೇಳಿದಳು. ಗಾಂಜಾ ಸೇದಿದ್ದನ್ನು ಆಕೆ ಎಂದೋ ಒಪ್ಪಿಕೊಂಡಿದ್ದಳಂತೆ. ತನಗೆ ಸುಳ್ಳು ಹೇಳಿ ಮಾರುತ್ತಿದ್ದನಲ್ಲ ಎನ್ನುವುದನ್ನು ನುಂಗಲು ಆಗಿರಲಿಲ್ಲ.

ಚಳಿಗಾಲದಲ್ಲಿ ನಮ್ಮ ಕಡೆ ಬಂದು ತಿಂಗಳುಗಟ್ಟಲೆ ಉಳಿಯುವ ಅಮೆರಿಕದ ಮುದುಕನೊಬ್ಬನಿದ್ದಾನೆ. ನನ್ನದೇ ವಯಸ್ಸು, ನನ್ನಂತೆಯೇ ಮೊಣಕಾಲು ನೋವು. ಬಾಳೆಹಣ್ಣು ಕೊಂಡು ಬೆಂಚಿನ ಮೇಲೆ ಕೂತು ತಿನ್ನುತ್ತಾನೆ. ನನ್ನ ಇಂಗ್ಲಿಷು ಹೈಸ್ಕೂಲಿನದು, ಅವನು ನಿಧಾನವಾಗಿ ಮಾತಾಡುತ್ತಾನೆ, ಹೇಗೋ ಸಾಗುತ್ತದೆ. ಕಳೆದ ಚಳಿಗಾಲದಲ್ಲಿ ಅವನು ದಾರಕ್ಕೆ ಕಟ್ಟಿದ ಆ ಪೊಟ್ಟಣಗಳನ್ನು ಬೆರಳಿನಿಂದ ಮುಟ್ಟಿ, ತನ್ನ ರಾಜ್ಯದಲ್ಲಿ ಈಗ ಗಾಂಜಾವನ್ನೇ ಅಂಗಡಿಯಲ್ಲಿ ತೂಗಿ, ತೆರಿಗೆ ಹಾಕಿ, ರಸೀದಿ ಕೊಟ್ಟು ಮಾರುತ್ತಾರೆ ಎಂದ. ನಾನು ನಂಬಲಿಲ್ಲ. ಅವನು ಮೊದಲಿನಿಂದ ಹೇಳಿದ. ಅವನ ಅಜ್ಜಿಯ ಅಮ್ಮನ ಕಾಲದಲ್ಲಿ ಔಷಧಿ ಅಂಗಡಿಯಲ್ಲೇ ಅಫೀಮಿನ ಕಷಾಯ ಸಿಗುತ್ತಿತ್ತಂತೆ. ಅಳುವ ಕೂಸುಗಳಿಗೆ ಕುಡಿಸಿ ಮಲಗಿಸುತ್ತಿದ್ದರಂತೆ. ಆಮೇಲೆ ಬಾಟಲಿಯ ಮೇಲೆ ಏನಿದೆ ಎಂದು ಬರೆಯಬೇಕೆಂಬ ಕಾನೂನು. ಆಮೇಲೆ ವೈದ್ಯರ ಚೀಟಿ. ಗಾಂಜಾಕ್ಕೆ ಮೊದಲು ಯಾರೂ ಕಟ್ಟಲಾಗದಂಥ ತೆರಿಗೆ, ಆಮೇಲೆ ಜೈಲು. ಅವನು ಹರೆಯದಲ್ಲಿದ್ದಾಗ ಅಲ್ಲಿಯ ಸರ್ಕಾರ ಮಾದಕ ವಸ್ತುಗಳ ಮೇಲೆ ಯುದ್ಧವನ್ನೇ ಸಾರಿತಂತೆ. ಇಡೀ ಜಗತ್ತಿಗೆ ತಮ್ಮ ಹಾಗೇ ಕಾನೂನು ಮಾಡಿ ಎಂದು ಹೇಳಿ, ಈಗ ತಾವೇ ರಾಜ್ಯಕ್ಕೊಂದು ರೀತಿ ಸಡಿಲಿಸಿದ್ದಾರೆ ಎಂದು ನಕ್ಕ.

ಆಮೇಲೆ ನಗು ನಿಲ್ಲಿಸಿ ತನ್ನ ಗೆಳೆಯನ ಕಥೆ ಹೇಳಿದ. ಅಲ್ಲಿ ಮತ್ತಿನ ಔಷಧಿಯೊಂದನ್ನು ಹನಿಹನಿಯಾಗಿ ಕಾಗದದ ಮೇಲೆ ಇಳಿಸಿ ಮಾರುತ್ತಿದ್ದರಂತೆ. ಹನಿಗೆ ತೂಕವೇ ಇಲ್ಲ. ಹಿಡಿದವರು ಕಾಗದವನ್ನೂ ಸೇರಿಸಿ ತೂಗಿದರು. ತೂಕದ ಮೇಲೆ ಶಿಕ್ಷೆಯ ವರ್ಷ. ಕಾಗದ ದಪ್ಪ ಇತ್ತು, ಗೆಳೆಯನ ಹರೆಯವೆಲ್ಲ ಒಳಗೆ ಕಳೆಯಿತು.

“ತೂಗಿದವನಿಗೆ ಗೊತ್ತಿರಲಿಲ್ಲವೇ, ಅದು ಕಾಗದ ಎಂದು?” ಅವನು ನನ್ನನ್ನು ಕೇಳಿದ. ಉತ್ತರಕ್ಕಾಗಿ ಕೇಳಿದ್ದಲ್ಲ. ಆದರೂ ನನಗೆ ಅವನ ಮುಖ ನೋಡಲಾಗಲಿಲ್ಲ. ಅವನು ಹೋದ ಮೇಲೆ ಬಾಗಿಲು ಎಳೆದು ತಾಂಡೇಲನ ಮನೆಗೆ ನಡೆದೆ.

ಅವನು ಜಗಲಿಯಲ್ಲಿ ಬಲೆ ಹರಡಿಕೊಂಡಿದ್ದ.

“ಕೋರ್ಟಲ್ಲಿ ನೆನಪಿಲ್ಲ ಅಂದಿದ್ದೆ ಮಾರಾಯ. ನೆನಪಿತ್ತು” ಎಂದೆ.

ಅವನು ತಲೆ ಎತ್ತಲಿಲ್ಲ. “ಗೊತ್ತಿತ್ತು. ಗೇರುಬೀಜದಲ್ಲಿ ಒಂದು ಕಲ್ಲು ಸಿಕ್ರೆ ಇಡೀ ಬೇಸಿಗೆ ಹೇಳ್ತಿದ್ದೆ ನೀನು. ಚೀಲದ ಮಣ್ಣು ಮರೀತ್ಯಾ?”

“ಗೊತ್ತಿದ್ರೆ ಇಷ್ಟು ವರ್ಷ ಒಂದು ಮಾತು ಕೇಳ್ಲಿಲ್ಲಲ್ಲ.”

“ಕೇಳಿ ಎಂತ ಮಾಡೂದು? ನಿಂಗೆ ಹೆದ್ರಿಕೆ ಇತ್ತು. ನಂಗೂ ಇತ್ತು.” ದಾರ ಕಚ್ಚಿ ಹರಿದು, “ಈಗ ನನ್ನ ಹತ್ರ ಹೇಳಿ ಉಪಯೋಗ ಇಲ್ಲ ಅಣ್ಣ. ನಂಗೆ ಗೊತ್ತಿದ್ದಿದ್ದೇ. ಒಳ್ಗೆ ಇದ್ದಾಳೆ, ಅವ್ಳಿಗೆ ಹೇಳು” ಎಂದ.

ಅವಳು ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಕೇಳಿಸಿತ್ತೋ ಗೊತ್ತಿಲ್ಲ. ನಾನು ಎಲ್ಲವನ್ನೂ ಹೇಳಿದೆ: ಮಣ್ಣು, ನೀರು, ಚೀಲ, ಸಾಹೇಬರ ಮಾತು, ನನ್ನ ಕಾಗದದ ಪೊಟ್ಟಣ. ಎರಡೇ ಗಿಡ ಇದ್ದದ್ದು ಎಂದೂ ಹೇಳಿದೆ. ಒಣಗಿಸಿ ಬಿಡಿಸಿದ್ದರೆ ಒಬ್ಬ ಮನುಷ್ಯ ಸೇದುವಷ್ಟೇ ಆಗುತ್ತಿತ್ತು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಗಂಡನ ಕಡೆ ತಿರುಗಿ, “ಚಾ ಕುಡೀತ್ರಾ?” ಎಂದು ಕೇಳಿದಳು. ಅವನ ಕೈ ಬಲೆಯ ಮೇಲೆ ನಿಂತುಹೋಯಿತು. ನಾನು ಅಲ್ಲಿರಬಾರದೆಂದು ತಿಳಿದು ಎದ್ದು ಬಂದೆ.

ಮರುದಿನ ಸಂಜೆ ಬೆಂಚು ತುಂಬಿದ್ದ ಹೊತ್ತಿಗೆ ಅವಳು ಅಂಗಡಿಗೆ ಬಂದಳು. ಏನೂ ಕೊಳ್ಳಲಿಲ್ಲ.

“ನಿನ್ನೆ ನಮ್ಮನೆ ಜಗಲೀಲಿ ಹೇಳಿದ್ದು ಇವ್ರ ಎದುರೂ ಹೇಳಿ” ಎಂದಳು.

ಬೆಂಚಿನಲ್ಲಿದ್ದವನೊಬ್ಬ, “ಎಂತ ಅಕ್ಕ, ಜಗಳವೋ?” ಎಂದ.

“ನೀ ಸುಮ್ನೆ ಕೂತ್ಕೋ. ಸೊಪ್ಪಿನ ರೇಟು ಕೇಳ್ತಿದ್ದೆ ಅಲ್ದೋ, ಈಗ ಕೇಳ್ಕೋ.”

ನಾನು ಹೇಳಿದೆ. ಗಲ್ಲೆಯಿಂದ ಇಳಿದು, ನಿಂತು ಹೇಳಿದೆ. ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು. ಆ ದಿನದಿಂದ ಕೆಲವರು ನನ್ನಲ್ಲಿ ತೂಗಿಸಲು ಬರುವುದಿಲ್ಲ. ಅದು ನ್ಯಾಯವೇ.

ಅವಳು ಕೊನೆಗೆ, “ಧಾರವಾಡದಲ್ಲಿ ಕೇಸು ಇನ್ನೂ ಇದ್ಯಂತೆ. ವಕೀಲ್ರ ಹತ್ರ ಬರ್ತ್ರಾ?” ಎಂದು ಕೇಳಿದಳು.

ಅವನ ಕೇಸು ನಡೆಸಿದ ಕುಮಟೆಯ ವಕೀಲರನ್ನು ಫೋನಿನಲ್ಲಿ ವಿಚಾರಿಸಿದ್ದೇನೆ. ಇಷ್ಟು ತಡವಾದ ಹೇಳಿಕೆಯನ್ನು ಕೋರ್ಟು ತೆಗೆದುಕೊಳ್ಳುತ್ತದೋ ಇಲ್ಲವೋ ಹೇಳಲಾಗದು, ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ನಿಮ್ಮ ಮೇಲೆಯೇ ಕೇಸಾಗಬಹುದು ಎಂದರು. ಆಗಲಿ ಎಂದೆ. ನನ್ನ ಹೆಂಡತಿ ಅತ್ತಳು. ಸೋಮವಾರ ವಕೀಲರ ಬಳಿಗೆ ಹೋಗುವುದೆಂದು ನಿಶ್ಚಯವಾಗಿದೆ. ತಾಂಡೇಲ ತಾನು ಬರುವುದಿಲ್ಲ ಎಂದಿದ್ದಾನೆ. ಅವನ ಹೆಂಡತಿ ಬೆಳಗಿನ ಬಸ್ಸಿಗೇ ಬರುತ್ತೇನೆ, ತಡ ಮಾಡಬೇಡಿ ಎಂದು ಹೇಳಿ ಕಳಿಸಿದ್ದಾಳೆ.