ದಿಂಡಿಗಲ್ಲಿನ ಒಲೆ ಆರಿಸಿದ್ದು

ಆಗ ನನಗೆ ಅರವತ್ತೊಂಬತ್ತು. ಈಗ್ಗೆ ನಾಲ್ಕು ವರ್ಷದ ಮಾತು. ನನ್ನ ಗಂಡನ ಅಣ್ಣ ತೀರಿಕೊಂಡಿದ್ದರು. ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಜನದಲ್ಲಿ ಸಾವಾದರೆ, ಮೂರನೇ ದಿನ ಮಸಣದಲ್ಲಿ ಹಾಲು ಬಿಡುವ ತನಕ ದಾಯಾದಿಗಳ ಯಾವ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ಸೂತಕಕ್ಕೆ ನಾವು ತೀಟ್ಟು ಅನ್ನುತ್ತೇವೆ. ಆ ಮನೆಗಳಿಗೆಲ್ಲ ಹಿರಿಯ ಹೆಂಗಸು ನಾನು. ಯಾರೂ ಒಲೆ ಹಚ್ಚದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಮಗನ ಮಗಳು ದಿಂಡಿಗಲ್ಲಿನ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಸುದ್ದಿ ಕೇಳಿ ಹೆಗಲಚೀಲದ ಸಮೇತ ಬಸ್ಸು ಹತ್ತಿ ಬಂದಳು. ಹೆಣ ಎತ್ತಿದ ಮೇಲೆ ಜಗಲಿಯಲ್ಲಿ ಕೂತು ಫೋನಿನಲ್ಲಿ ಗೆಳತಿಯನ್ನು ಕೇಳುತ್ತಿದ್ದಳು, ಒಲೆ ಸರಿಯಾಗಿ ಕಾಯುತ್ತಿದೆಯಾ ಅಂತ.

"ಯಾವ ಒಲೆ ಅದು?" ಅಂದೆ.

"ಕಾಲೇಜಿಂದು ಅಜ್ಜಿ, ಕರೆಂಟಿಂದು. ನನ್ನ ಪುಡಿ ಇಟ್ಟು ಬಂದಿವ್ನಿ. ರಾತ್ರೀವರ್ಗೂ ಕಾಯ್ಬೇಕು."

"ಹಚ್ಚಿದ್ದು ನೀನು ತಾನೆ? ತೀಟ್ಟು ಮನೆಯೋಳು ನೀನು. ಆರ್ಸಕ್ಕೆ ಹೇಳು."

ಅವಳು ನನ್ನ ಮುಖ ನೋಡಿದಳು. ಸುತ್ತ ಹೆಂಗಸರಿದ್ದರು. ಫೋನಿನಲ್ಲಿ ಆರಿಸು ಅಂದಳು. ನನ್ನ ಮಾತು ನಡೆಯಿತು ಅಂತ ನನಗೆ ಹಿಗ್ಗು.

ಸಂಜೆ ಬೀದಿಯ ಅಂಗಡಿಯಿಂದ ಟೀ ಬಂತು. ನಾನು ಎರಡು ಲೋಟ ಕುಡಿದೆ. ಅವಳು ಮುಟ್ಟಲಿಲ್ಲ.

"ಇದೂ ಬೆಂಕಿ ಮೇಲೆ ಕಾದದ್ದಲ್ವಾ ಅಜ್ಜಿ?"

ನನ್ನ ನಾದಿನಿ ಸೆರಗು ಬಾಯಿಗಿಟ್ಟು ನಕ್ಕಳು. "ಅದು ಊರೋರ ಬೆಂಕಿ ಕಣೇ. ಊರೋರ ಬೆಂಕಿಗೆ ನಿನ್ನಜ್ಜಿ ಹತ್ರ ತೀಟ್ಟಿಲ್ಲ."

ಹುಡುಗಿ ಚೀಲದಿಂದ ಎರಡು ಸಣ್ಣ ಸೀಸೆ ತೆಗೆದಳು. ಎರಡರಲ್ಲೂ ಒಂದೇ ಪುಡಿ. ಕಬ್ಬಿಣದ ತುಕ್ಕಿನ ಜಾತಿಯದು, ಕೋಬಾಲ್ಟ್ ಅನ್ನುವ ಲೋಹ ಚಿಟಿಕೆಯಷ್ಟು ಸೇರಿಸಿದ್ದು. ಒಂದನ್ನು ಕಡಿಮೆ ಕಾಯಿಸಿದ್ದಳು, ಇನ್ನೊಂದನ್ನು ಜಾಸ್ತಿ. ಸೀಸೆಯ ಹೊರಗೆ ಅಯಸ್ಕಾಂತ ಹಿಡಿದಳು. ಮೊದಲನೆಯದು ಅಲುಗಿತು, ಅಷ್ಟೆ. ಎರಡನೆಯದು ಮುಳ್ಳುಮುಳ್ಳಾಗಿ ಎದ್ದು ಗಾಜಿಗೆ ಅಂಟಿಕೊಂಡಿತು.

"ಕಾಯ್ತಾ ಕಾಯ್ತಾ ಒಳಗಿನ ಅಣು ಸಾಲಾಗಿ ಕೂರ್ತವೆ, ಕಣ ದೊಡ್ಡದಾಗ್ತದೆ. ಆಗ್ಲೇ ಹಿಡಿತ ಬರೋದು. ನಾಲ್ಕು ಥರ ಶಾಖದಲ್ಲಿ ಕಾಯ್ಸಿ, ಯಾವ್ದು ಎಷ್ಟು ಎಳೀತದೆ ಅಂತ ತೋರಿಸ್ಬೇಕು. ಇವತ್ತು ಆರ್ಸಿದ್ದು ಕೊನೇದು."

"ತಿರುಗಾ ಹಚ್ಚಿದ್ರಾಯ್ತು."

"ಅರ್ಧ ಕಾದದ್ದು ಬರಲ್ಲ ಅಜ್ಜಿ. ಹೊಸ ಪುಡಿ ಇಡ್ಬೇಕು. ನಾಳೆ ಮಧ್ಯಾಹ್ನದೊಳಗೆ ಇಡ್ದಿದ್ರೆ ಒಲೆ ಇನ್ನೊಬ್ಬರದು. ನನ್ನ ಸರದಿ ಬರೋದ್ರೊಳಗೆ ಪ್ರಬಂಧ ಒಪ್ಪಿಸೋ ದಿನ ದಾಟಿರ್ತದೆ."

"ಆಗಲೇ ಹೇಳಕ್ಕೆ ಏನಾಗಿತ್ತು ನಿಂಗೆ?"

"ಅಷ್ಟು ಜನರ ಮುಂದೆ ನಿನ್ನ ಮಾತು ತಳ್ಳಿಹಾಕ್ಲಾ?"

ಜಗಳಕ್ಕೆ ಬಂದಿದ್ದರೆ ನಾನೂ ಬಾಯಿ ಮಾಡುತ್ತಿದ್ದೆ. ಅವಳು ಬರಲಿಲ್ಲ. ಖಾಲಿ ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು. ಎಲ್ಲಿಡುವುದು ತಿಳಿಯದೆ ಸೆರಗಿನ ಅಡಿಯಲ್ಲಿ ಹಿಡಿದು ಕೂತೆ. ನಾನು ಓದಿದವಳಲ್ಲ, ಹೆಸರು ಬರೆಯುವುದೇ ಕಷ್ಟ. ಆದರೂ ಆ ಸೀಸೆ ಎರಡೂ ನನಗೆ ಅರ್ಥವಾಗಿದ್ದವು. ತಿಳಿಯಲಿಲ್ಲ ಅಂತ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ. ಅವಳ ಮುಖ ನೋಡಲಾಗದೆ ಎದ್ದು ಹಿತ್ತಲಿಗೆ ಹೋದೆ.

ಮಾರನೇ ಬೆಳಿಗ್ಗೆ ಎದ್ದಾಗ ಹಾಲು ಬಿಡುವುದಕ್ಕೆ ಇನ್ನೂ ಒಂದು ದಿನವಿತ್ತು. ನಾದಿನಿ ಹೊಗೆ ಕಂಡು ಬಂದು, "ಒಲೆ ಹಚ್ಚಿದ್ದು ಯಾರು?" ಅಂದಳು. "ನಾನು" ಅಂದೆ. ಮೊಮ್ಮಗಳಿಗೆ ಕಾಫಿ ಕಾಯಿಸಿ ಕೊಟ್ಟು, ಮಧ್ಯಾಹ್ನದೊಳಗೆ ಮುಟ್ಟುವಂತೆ ಅವಳನ್ನು ದಿಂಡಿಗಲ್ ಬಸ್ಸು ಹತ್ತಿಸಿದೆ.